ಒಂದೇ ಕೋಣೆಯ ನಾಲ್ಕು ಆಲ್ಬಮ್‌ಗಳು

‘ಫೆಮಿಲಿಯರ್’ ಎಂಬ ಹಾಡಿನ ಪಲ್ಲವಿಯಲ್ಲಿ ಒಬ್ಬ ಗಂಡಸು ಬಂದು ಸೇರಿಕೊಳ್ಳುತ್ತಾನೆ. ಅಲ್ಲಿಯವರೆಗೆ ಹೆಣ್ಣುದನಿಯೊಂದೇ ನಡೆಸಿಕೊಂಡು ಬಂದ ಹಾಡಿನ ಮೇಲೆ ಅವನಿಂದ ಒಂದು ನೆರಳು ಬೀಳುತ್ತದೆ. ದನಿ ಚೆನ್ನಾಗಿಯೇ ಇದೆ, ಆದರೂ ಎಲ್ಲೋ ಏನೋ ಹೊಂದುವುದಿಲ್ಲ. ಉಸಿರು ಒಬ್ಬರದು, ಗಂಟಲು ಇನ್ನೊಬ್ಬರದು ಅನ್ನಿಸುತ್ತದೆ. ನಾನು ಈ ಹಾಡು ಕೇಳಿಸಿದ ಗೆಳೆಯರಲ್ಲಿ ಹೆಚ್ಚಿನವರು ಮೊದಲು ಕೇಳಿದ್ದು ‘ಈ ಗಾಯಕ ಯಾರು ಮಾರಾಯಾ?’ ಎಂದೇ. ಅಂಥ ಗಾಯಕನೇ ಇಲ್ಲ. ಅದು ಆಗ್ನೆಸ್ ಓಬೆಲ್ ಅವರ ಸ್ವಂತ ದನಿ. ಹಾಡಿ, ಧ್ವನಿಮುದ್ರಿಸಿ, ಆಮೇಲೆ ಅದರ ಶ್ರುತಿ ಇಳಿಸಿ, ಆ ಇಳಿದ ದನಿಯ ಜೊತೆ ಆಕೆ ತಾನೇ ಯುಗಳಗೀತೆ ಹಾಡಿದ್ದಾರೆ.

ಯುಗಳಗೀತೆಗೂ ಇನ್ನೊಬ್ಬರನ್ನು ಕರೆಯದ ಈ ಹಟದಲ್ಲಿ ಡೆನ್ಮಾರ್ಕಿನ ಈ ಗಾಯಕಿಯ ವೃತ್ತಿಬದುಕೆಲ್ಲ ಇದೆ ಎಂದು ನನಗನ್ನಿಸುತ್ತದೆ. 2010ರಿಂದ 2020ರ ನಡುವೆ ಆಕೆ ನಾಲ್ಕು ಆಲ್ಬಮ್ ತಂದರು: ‘ಫಿಲ್ಹಾರ್ಮಾನಿಕ್ಸ್’, ‘ಅವೆಂಟೈನ್’, ‘ಸಿಟಿಜನ್ ಆಫ್ ಗ್ಲಾಸ್’, ‘ಮಿಯೋಪಿಯಾ’. ಹಾಡು ಬರೆದದ್ದು, ಸಂಯೋಜಿಸಿದ್ದು, ಹಾಡಿದ್ದು, ಪಿಯಾನೋ ನುಡಿಸಿದ್ದು, ನಿರ್ಮಾಪಕಿಯಾಗಿ ಕೂತು ಧ್ವನಿಮುದ್ರಣ, ಮಿಕ್ಸಿಂಗ್ ನೋಡಿಕೊಂಡದ್ದು ಎಲ್ಲವೂ ಓಬೆಲ್. ಚೆಲ್ಲೋ, ಪಿಟೀಲು ನುಡಿಸುವವರು ಮಾತ್ರ ಹೊರಗಿನಿಂದ ಬಂದು ಹೋಗುತ್ತಾರೆ. ಕೆಲಸ ನಡೆಯುವುದು ಬರ್ಲಿನ್ನಿನ ಮನೆಯ ಸ್ಟುಡಿಯೋದಲ್ಲಿ. ಆ ಒಂದು ಕೋಣೆ ಈ ಸಂಗೀತಕ್ಕೆ ಏನು ಕೊಟ್ಟಿತು, ಏನನ್ನು ಕೊಡದೆ ಉಳಿಸಿಕೊಂಡಿತು ಎಂಬುದೇ ನನ್ನ ಕುತೂಹಲ.

ಸಿಂಗರ್-ಸಾಂಗ್‌ರೈಟರ್ ಅನ್ನುವುದಕ್ಕೆ ಕನ್ನಡದಲ್ಲಿ ಪದ ಹುಡುಕುತ್ತ ಕೂರಬೇಕಾಗಿಲ್ಲ. ವಾಗ್ಗೇಯಕಾರ ಎಂಬ ಮಾತು ಅದಕ್ಕಿಂತ ಹಳೆಯದು, ಹೆಚ್ಚು ಖಚಿತವಾದದ್ದು ಕೂಡ. ಮಾತೂ ಅವರದೇ, ಗೇಯವೂ ಅವರದೇ. ನಮ್ಮ ಭಾವಗೀತೆಯ ಕಾಲಕ್ಕೆ ಬರುವಾಗ ಆ ಕೆಲಸ ಹಂಚಿಹೋಗಿತ್ತು. ಕವಿ ಎಲ್ಲೋ ಬರೆದ, ಅನಂತಸ್ವಾಮಿಯೋ ಅಶ್ವಥ್ ಅವರೋ ರಾಗ ಹಾಕಿದರು, ಮತ್ತೊಬ್ಬರು ಹಾಡಿದರು, ಹೆಸರು ಗೊತ್ತಿಲ್ಲದ ಒಬ್ಬ ಎಂಜಿನಿಯರ್ ಗಾಜಿನ ಆಚೆ ಕೂತು ಕ್ಯಾಸೆಟ್ಟಿಗೆ ಇಳಿಸಿದ. ತಬಲ ಎಷ್ಟು ಕೇಳಬೇಕು, ಗಾಯಕಿಯ ಉಸಿರು ಕೇಳಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸುವವನು ಕೊನೆಗೆ ಅವನೇ. ವಾಗ್ಗೇಯಕಾರರ ಕೈಗೆ ಆ ಕೊನೆಯ ಅಧಿಕಾರವೂ ಬಂದರೆ ಹಾಡು ಹೇಗಿರುತ್ತದೆ? ಓಬೆಲ್ ಅವರನ್ನು ನಾನು ಕೇಳುವುದು ಈ ಪ್ರಶ್ನೆ ಇಟ್ಟುಕೊಂಡು.

ನನ್ನ ಕಿವಿಗೆ ಒಂದು ವೃತ್ತಿಸಹಜ ಪೂರ್ವಗ್ರಹ ಇದೆ, ಅದನ್ನೂ ಹೇಳಿಬಿಡುತ್ತೇನೆ. ಪುಣೆಯಲ್ಲಿ ಸಾಫ್ಟ್‌ವೇರ್ ಪ್ರಾಜೆಕ್ಟು ನಡೆಸುವುದು ನನ್ನ ಹೊಟ್ಟೆಪಾಡು. ಅಲ್ಲಿ ಮೊದಲ ನಿಯಮವೇ, ಕೋಡ್ ಬರೆದವನು ಅದನ್ನು ತಾನೇ ಒಪ್ಪಿ ಕಳಿಸಬಾರದು ಎಂಬುದು. ಬರೆಯುವವನೊಬ್ಬ, ಓದಿ ತಪ್ಪು ಹುಡುಕುವವನೊಬ್ಬ, ಪರೀಕ್ಷಿಸುವವನು ಇನ್ನೊಬ್ಬ. ಎರಡನೆಯ ಕಣ್ಣು ಬೀಳದ ಕೆಲಸ ಎಷ್ಟೇ ಜಾಣತನದ್ದಾಗಿದ್ದರೂ ನಮಗೆ ಅದರ ಮೇಲೆ ನಂಬಿಕೆ ಇರುವುದಿಲ್ಲ. ಇಷ್ಟು ವರ್ಷ ಈ ನಿಯಮವನ್ನೇ ಉಂಡು ಉಟ್ಟ ನನ್ನಂಥವನಿಗೆ, ಅದನ್ನು ಪೂರ್ತಿ ಪಕ್ಕಕ್ಕಿಟ್ಟು ದುಡಿಯುವ ಒಬ್ಬ ಕಲಾವಿದೆ ಸಹಜವಾಗಿಯೇ ಬೆರಗು. ಸ್ವಲ್ಪ ಅನುಮಾನವೂ.

ಓಬೆಲ್ ಹುಟ್ಟಿದ್ದು 1980ರಲ್ಲಿ, ಕೋಪನ್‌ಹೇಗನ್ನಿಗೆ ಅಂಟಿಕೊಂಡಿರುವ ಜೆಂಟಾಫ್ಟೆಯಲ್ಲಿ. ತಾಯಿ ಮನೆಯಲ್ಲಿ ಬಾರ್ಟಾಕ್, ಶೊಪ್ಯಾಂ ನುಡಿಸುತ್ತಿದ್ದರು. ಪಿಯಾನೋ ಮಗುವಿಗೆ ಆಟಿಕೆಯಷ್ಟೇ ಸಹಜವಾಗಿ ಸಿಕ್ಕಿತು. ಹದಿಹರೆಯದಲ್ಲಿ ಕಾಲೇಜು ಬಿಟ್ಟು ಆಕೆ ಹೋದದ್ದು ಹಾಡುಗಾರಿಕೆಯ ತರಬೇತಿಗಲ್ಲ, ಧ್ವನಿಮುದ್ರಣದ ತಂತ್ರ ಕಲಿಯಲು. ಈ ವಿವರವನ್ನು ಹೆಚ್ಚಿನ ಪರಿಚಯ ಲೇಖನಗಳು ಒಂದು ಸಾಲಿನಲ್ಲಿ ದಾಟಿಬಿಡುತ್ತವೆ. ನನಗೆ ಅದೇ ಕೀಲಿಕೈಯಂತೆ ಕಾಣುತ್ತದೆ. ಮೈಕ್ರೋಫೋನು ಆಕೆಗೆ ಹಾಡಿಗೆ ಆಮೇಲೆ ಸೇರಿದ ಸಲಕರಣೆಯಲ್ಲ. ಪಿಯಾನೋದಂತೆ ಅದೂ ಆಕೆ ಅಭ್ಯಾಸ ಮಾಡಿದ ಒಂದು ವಾದ್ಯ.

ಆಕೆ ತನ್ನ ಮೇಲಿನ ಪ್ರಭಾವಗಳನ್ನು ಹೇಳುವಾಗ ಡೆಬ್ಯುಸಿ, ಸಾಟಿ ಜೊತೆಗೆ ಇನ್ನೊಂದು ಹೆಸರು ಬರುತ್ತದೆ: ಸ್ವೀಡನ್ನಿನ ಜಾಝ್ ಪಿಯಾನೋ ವಾದಕ ಯಾನ್ ಯೋಹಾನ್‌ಸನ್. ಅವನ 1964ರ ‘ಯಾಝ್ ಪೋ ಸ್ವೆನ್ಸ್ಕ’ ಆಲ್ಬಮ್ಮನ್ನು ಓಬೆಲ್‌ಗಿಂತ ಮೊದಲು ಕೇಳಿದರೂ ತಪ್ಪಿಲ್ಲ. ಸ್ವೀಡನ್ನಿನ ಹಳ್ಳಿಹಾಡುಗಳನ್ನು ಪಿಯಾನೋ ಮತ್ತು ಡಬಲ್ ಬೇಸ್ ಎರಡೇ ವಾದ್ಯದಲ್ಲಿ, ಅವಸರವಿಲ್ಲದೆ, ಒಂದು ಸ್ವರವೂ ಹೆಚ್ಚಾಗದಂತೆ ನುಡಿಸಿದ್ದಾರೆ. ಜಾಝ್ ಅಂದರೆ ಗದ್ದಲ ಎಂದುಕೊಂಡವರಿಗೆ ಅದು ಅಚ್ಚರಿ ತರುತ್ತದೆ. ಬಿಟ್ಟ ಜಾಗವೂ ಸಂಗೀತವೇ ಎಂಬ ಪಾಠ ಓಬೆಲ್ ಕಲಿತದ್ದು ಅಲ್ಲಿಂದ ಇರಬೇಕು. ‘ಫಿಲ್ಹಾರ್ಮಾನಿಕ್ಸ್’ನ ಮೊದಲ ತುಣುಕು ‘ಫಾಲಿಂಗ್, ಕ್ಯಾಚಿಂಗ್’ನಲ್ಲಿ ಮಾತೇ ಇಲ್ಲ, ಬರೀ ಪಿಯಾನೋ. ಗಾಯಕಿಯೊಬ್ಬಳು ತನ್ನ ಮೊದಲ ಆಲ್ಬಮ್ಮನ್ನು ಹಾಡದೆ ಆರಂಭಿಸುವುದಕ್ಕೆ ಧೈರ್ಯ ಬೇಕು.

2006ರಲ್ಲಿ ಆಕೆ ಬರ್ಲಿನ್ನಿಗೆ ಹೋದರು. ಇಪ್ಪತ್ತಾರರ ಆಸುಪಾಸಿನಲ್ಲಿ ಊರು ಬಿಟ್ಟು ಬೇರೆ ಭಾಷೆಯ ದೊಡ್ಡ ನಗರ ಸೇರುವುದರಲ್ಲಿ ನಮಗ್ಯಾರಿಗೂ ಹೊಸತೇನಿಲ್ಲ. ಆದರೆ ಆಕೆಯ ಹಾಡಿನಲ್ಲಿ ಬರ್ಲಿನ್ ಇಲ್ಲ, ಕೋಪನ್‌ಹೇಗನ್ ಕೂಡ ಇಲ್ಲ. ನದಿ ಇದೆ, ಮರ ಇದೆ, ಕತ್ತಲು ಇದೆ. ಬೀದಿಯ ಹೆಸರಿಲ್ಲ. ಊರು ಬಿಟ್ಟವರ ಹಾಡೆಂದರೆ ಊರಿನ ನೆನಪು ಎಂಬ ನಮ್ಮ ಲೆಕ್ಕಕ್ಕೆ ಆಕೆ ಸಿಗುವುದೇ ಇಲ್ಲ.

ಆಲ್ಬಮ್ ಬರುವ ಮೊದಲೇ ‘ಜಸ್ಟ್ ಸೋ’ ಎಂಬ ಹಾಡು ಡಾಯ್ಚ ಟೆಲಿಕಾಮ್ ಕಂಪನಿಯ ಜಾಹೀರಾತಿನಲ್ಲಿ ಬಂದು ಜರ್ಮನಿಯ ಮನೆಮನೆ ತಲುಪಿತು. ಆಮೇಲೆ ‘ರಿವರ್‌ಸೈಡ್’. ಥಾಮಸ್ ವಿಂಟರ್‌ಬೆರ್ ಅವರ ‘ಸಬ್‌ಮರೀನೋ’ ಚಿತ್ರದಲ್ಲಿ ಬಳಕೆಯಾದ ಈ ಹಾಡಿಗೆ ಡೆನ್ಮಾರ್ಕಿನ ರಾಬರ್ಟ್ ಪ್ರಶಸ್ತಿ ಬಂತು. 2011ರ ಡ್ಯಾನಿಶ್ ಸಂಗೀತ ಪ್ರಶಸ್ತಿಗಳಲ್ಲಿ ಓಬೆಲ್ ಐದನ್ನು ಬಾಚಿಕೊಂಡರು. ಮನೆಯಲ್ಲಿ ಒಬ್ಬಳೇ ಕೂತು ಮಾಡಿದ ಮೊದಲ ಆಲ್ಬಮ್ಮಿಗೆ ಇದು ಸಣ್ಣದಲ್ಲ. ‘ರಿವರ್‌ಸೈಡ್’ ಈಗಲೂ ಆಕೆಯ ಗುರುತಿನ ಚೀಟಿ. ಎಡಗೈ ಒಂದೇ ಅಲೆಯನ್ನು ಮತ್ತೆಮತ್ತೆ ಉರುಳಿಸುತ್ತದೆ. ಮೇಲೆ ದನಿ, ಅದರ ಮೇಲೆ ಅದೇ ದನಿಯ ಇನ್ನೊಂದು ಪದರ. ‘ಫೆಮಿಲಿಯರ್’ನ ಉಪಾಯದ ಬೀಜ ಇಲ್ಲೇ ಇದೆ: ಮೇಳದ ಹೆಂಗಸರೆಲ್ಲರೂ ಒಬ್ಬಳೇ.

ಆ ಆಲ್ಬಮ್ಮಿನಲ್ಲಿ ಬೇರೆಯವರ ಹಾಡು ಒಂದೇ ಒಂದು, ವೇಲ್ಸ್‌ನ ಜಾನ್ ಕೇಲ್ ಬರೆದದ್ದು. ‘ಕ್ಲೋಸ್ ವಾಚ್’ ಎಂಬ ಹೆಸರಿನಲ್ಲಿ ಆಕೆ ಅದನ್ನು ಹಾಡಿದ್ದಾರೆ. ಅದು ಬಂದಾಗ ಇಡೀ ಆಲ್ಬಮ್ಮಿನಲ್ಲಿ ಮೊದಲ ಸಲ ಒಬ್ಬ ಮನುಷ್ಯ ಇನ್ನೊಬ್ಬ ಮನುಷ್ಯನಿಗೆ ನೇರವಾಗಿ ಏನೋ ಹೇಳುತ್ತಿದ್ದಾನೆ ಅನ್ನಿಸುತ್ತದೆ. ಇದು ಕೇಲ್‌ಗೆ ಮೆಚ್ಚುಗೆ, ಓಬೆಲ್‌ಗೆ ಸಣ್ಣ ದೂರು. ಆಕೆಯ ಸ್ವಂತ ಸಾಹಿತ್ಯದಲ್ಲಿ ‘ನೀನು’ ಯಾರು, ‘ನಾನು’ ಯಾರು, ನಡೆದದ್ದು ಏನು ಎಂಬುದು ಹೆಚ್ಚಿನ ಸಲ ಮಂಜಿನಲ್ಲೇ ಉಳಿಯುತ್ತದೆ. ಪದಗಳು ಅರ್ಥಕ್ಕಿಂತ ಸ್ವರಾಕ್ಷರಕ್ಕೆ ಬಂದವು, ಬಾಯಿ ತೆರೆದು ಎಳೆಯಲು ಬರುವಂಥವು. ಎರಡನೆಯ ಆಲ್ಬಮ್ಮಿನಲ್ಲಿ ‘ವರ್ಡ್ಸ್ ಆರ್ ಡೆಡ್’ ಎಂದೇ ಒಂದು ಹಾಡಿದೆ. ಕಿಡಿಗೇಡಿ ವಿಮರ್ಶಕನಿಗೆ ಇಷ್ಟು ಸಾಕು.

ಇದಕ್ಕೆ ಭಾಷೆ ಕಾರಣವೇ? ಡ್ಯಾನಿಶ್ ಆಡುವವರು ಹೆಚ್ಚುಕಡಿಮೆ ಅರವತ್ತು ಲಕ್ಷ. 2011ರ ಜನಗಣತಿಯಲ್ಲಿ ಕನ್ನಡ ನಮ್ಮ ತಾಯ್ನುಡಿ ಎಂದವರು 4.37 ಕೋಟಿ. ಅಷ್ಟು ಸಣ್ಣ ಭಾಷೆಯವರು, ಅದೂ ಜರ್ಮನಿಯಲ್ಲಿ ಮನೆಮಾಡಿದವರು, ಇಂಗ್ಲಿಷಿನಲ್ಲಿ ಹಾಡಿದರೆ ಆಕ್ಷೇಪಿಸಲು ನಾವ್ಯಾರು? ದಿನವಿಡೀ ಇಂಗ್ಲಿಷಿನಲ್ಲಿ ಮೇಲ್ ಬರೆದು, ರಾತ್ರಿ ಹತ್ತಕ್ಕೆ ಕನ್ನಡದಲ್ಲಿ ಲೇಖನ ಬರೆಯುವ ನನಗಂತೂ ಆ ಹಕ್ಕಿಲ್ಲ. ಆದರೆ ಎರಡನೆಯ ಭಾಷೆಯಲ್ಲಿ ಬರೆಯುವವರಿಗೆ ಒಂದು ಸುರಕ್ಷತೆ ಸಿಗುತ್ತದೆ ಎಂಬುದು ನಮಗೆಲ್ಲ ಗೊತ್ತು. ಅಜ್ಜಿಯ ಬೈಗುಳ, ಶಾಲೆಯ ಅವಮಾನ, ಅಡುಗೆಮನೆಯ ವಾಸನೆ ಯಾವುದೂ ಆ ಪದಗಳಿಗೆ ಅಂಟಿರುವುದಿಲ್ಲ. ಪದ ತೊಳೆದಿಟ್ಟ ಪಾತ್ರೆಯಂತೆ ಇರುತ್ತದೆ. ಓಬೆಲ್ ಅದರಲ್ಲಿ ಬೇಕಾದ ಸ್ವರ ತುಂಬಿಸಬಲ್ಲರು. ಬೆಲೆ ಏನೆಂದರೆ, ಹಾಡು ಮುಗಿದ ಮೇಲೆ ನೆನಪಲ್ಲಿ ಉಳಿಯುವುದು ಸಾಲು ಅಲ್ಲ, ದನಿಯ ಮೈ.

2013ರ ‘ಅವೆಂಟೈನ್’ಗೆ ರೋಮಿನ ಏಳು ಗುಡ್ಡಗಳಲ್ಲಿ ಒಂದರ ಹೆಸರು. ಇಲ್ಲಿ ಆಕೆಯ ಒಳ್ಳೆಯ ಗುಣ ಮತ್ತು ಸೋಮಾರಿತನ ಎರಡೂ ಕಾಣುತ್ತವೆ. ಒಳ್ಳೆಯದು ಮೈಕ್ರೋಫೋನಿನ ಕೆಲಸ. ಪಿಯಾನೋ, ಚೆಲ್ಲೋ, ದನಿ ಎಲ್ಲವನ್ನೂ ತೀರ ಹತ್ತಿರದಿಂದ ಹಿಡಿದಿದ್ದಾರೆ. ಒಳ್ಳೆಯ ಹೆಡ್‌ಫೋನಿನಲ್ಲಿ ಕೇಳಿದರೆ ಚೆಲ್ಲೋದ ತಂತಿಯನ್ನು ಬೆರಳು ಮೀಟಿ ಬಿಟ್ಟ ಕ್ಷಣದ ಮರದ ಸದ್ದು ಸಿಗುತ್ತದೆ. ಸಭಾಂಗಣದ ದೂರವೇ ಇಲ್ಲ. ವಾದ್ಯಗಳು ಮೂರೋ ನಾಲ್ಕೋ, ಆದರೂ ಧ್ವನಿ ದೊಡ್ಡದು, ಏಕೆಂದರೆ ಕೇಳುವವನ ತಲೆ ವಾದ್ಯಗಳ ನಡುವೆಯೇ ಇದೆ. ‘ದಿ ಕರ್ಸ್’ ಇದರ ಅತ್ಯುತ್ತಮ ಮಾದರಿ. ಸುಮಾರು ಆರು ನಿಮಿಷದ ಹಾಡು. ಸಣ್ಣ ಪಿಯಾನೋ ತುಣುಕಿಗೆ ಮೀಟಿದ ತಂತಿ ಸೇರಿ, ಅದಕ್ಕೆ ಕಮಾನಿನ ತಂತಿ ಸೇರಿ, ಒಂದು ಕಥೆ ಹೇಳುವ ಅಜ್ಜಿಯ ಗತ್ತಿನಲ್ಲಿ ಏರುತ್ತದೆ.

ಸೋಮಾರಿತನ ಅಂದೆ. ‘ಫಿಲ್ಹಾರ್ಮಾನಿಕ್ಸ್’ ಗೆದ್ದ ಸೂತ್ರವನ್ನೇ ಈ ಆಲ್ಬಮ್ಮು ಇನ್ನಷ್ಟು ನುಣುಪಾಗಿ ಮತ್ತೆ ಮಾಡುತ್ತದೆ. ಮಧ್ಯದಲ್ಲಿ ಮೂರು ಹಾಡು ಬಿಟ್ಟರೂ ನಷ್ಟ ತಿಳಿಯದು. ಇದೇ ಆಲ್ಬಮ್ಮಿನ ‘ಫ್ಯೂಯಲ್ ಟು ಫೈರ್’ ಹಾಡನ್ನು ಸಿನಿಮಾ ನಿರ್ದೇಶಕ ಡೇವಿಡ್ ಲಿಂಚ್ ತನ್ನ ರೀತಿಯಲ್ಲಿ ಮರುಮಿಶ್ರಣ ಮಾಡಿದರು. ಅದನ್ನು ಕೇಳಿದರೆ ನನ್ನ ಮಾತು ಅರ್ಥವಾಗಬಹುದು. ಹೊರಗಿನವನೊಬ್ಬ ಬಂದು ಹಾಡಿನೊಳಗಿದ್ದ ಭಯವನ್ನು ಎಳೆದು ಹೊರಗೆ ಹಾಕಿದ್ದಾನೆ. ಓಬೆಲ್ ಅವರ ಮೂಲದಲ್ಲಿ ಆ ಭಯ ಶಾಲು ಹೊದ್ದು ಕೂತಿತ್ತು.

ಮೂರು ವರ್ಷದ ನಂತರ, 2016ರ ಅಕ್ಟೋಬರಿನಲ್ಲಿ, ‘ಸಿಟಿಜನ್ ಆಫ್ ಗ್ಲಾಸ್’ ಬಂತು. ಆಕೆಯ ಒಂದೇ ಆಲ್ಬಮ್ ಕೇಳುವಷ್ಟು ಸಮಯ ಇರುವವರು ಇದನ್ನು ಕೇಳಬೇಕು. ಹೆಸರಿನ ಮೂಲ ಜರ್ಮನ್ ನುಡಿಗಟ್ಟು, ಗಾಜಿನ ನಾಗರಿಕ. ಸರ್ಕಾರಕ್ಕೂ ಕಂಪನಿಗಳಿಗೂ ಒಳಗಿನದೆಲ್ಲ ಕಾಣುವಷ್ಟು ಪಾರದರ್ಶಕನಾಗಿಬಿಟ್ಟ ಮನುಷ್ಯ. ಈ ಮಾತಿನ ಬೇರು ಡ್ರೆಸ್ಡನ್ ನಗರದ ಆರೋಗ್ಯ ವಸ್ತುಸಂಗ್ರಹಾಲಯದಲ್ಲಿದೆ. 1930ರಲ್ಲಿ ಅಲ್ಲಿ ‘ಗಾಜಿನ ಮನುಷ್ಯ’ ಎಂಬ ಆಳೆತ್ತರದ ಆಕೃತಿ ನಿಲ್ಲಿಸಿದರು. ಮೂಳೆ, ನರ, ಅಂಗಾಂಗ ಎಲ್ಲ ಹೊರಗಿನಿಂದಲೇ ಕಾಣುತ್ತಿತ್ತು. ಹೆಸರಿಗೆ ಗಾಜು, ಮಾಡಿದ್ದು ಪಾರದರ್ಶಕ ಪ್ಲಾಸ್ಟಿಕ್ಕಿನಿಂದ. ಮುಂದೆ ಅದೇ ಮಾತು ಜರ್ಮನಿಯಲ್ಲಿ ಗೂಢಚಾರಿಕೆಯ ವಿರುದ್ಧದ ಘೋಷಣೆಯಾಯಿತು. ಎರಡೆರಡು ಸರ್ವಾಧಿಕಾರ ಕಂಡ ದೇಶ ಅದು. 1983ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ಜನಗಣತಿಯ ಪ್ರಶ್ನಾವಳಿಯ ವಿಷಯದಲ್ಲೇ ತೀರ್ಪು ಕೊಟ್ಟು, ತನ್ನ ಮಾಹಿತಿ ಯಾರಿಗೆ ಎಷ್ಟು ಎಂದು ನಿರ್ಧರಿಸುವ ಹಕ್ಕು ನಾಗರಿಕನದು ಎಂದಿತು.

ನಮಗೂ ಇದು ದೂರದ ಮಾತಲ್ಲ. ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಹೇಳಿದ್ದು ಅವರ ಹೆಸರಿನ ಮೊಕದ್ದಮೆಯಲ್ಲಿ. ಓಬೆಲ್ ಆಲ್ಬಮ್ಮು ಬಂದು ಹತ್ತು ತಿಂಗಳಾಗಿತ್ತು. ಎರಡಕ್ಕೂ ಸಂಬಂಧವಿಲ್ಲ, ಕಾಲ ಮಾತ್ರ ಒಂದು. ಆ ವರ್ಷಗಳಲ್ಲಿ ಗಾಜಾಗುವ ಆತಂಕ ಎಲ್ಲ ಕಡೆ ಇತ್ತು.

ಓಬೆಲ್ ಇದನ್ನು ಘೋಷಣೆಯಾಗಿ ಹಾಡಲಿಲ್ಲ, ಸದ್ಯ. ಆ ನುಡಿಗಟ್ಟನ್ನು ಆಕೆ ತನ್ನ ವೃತ್ತಿಗೇ ತಿರುಗಿಸಿಕೊಂಡರು. ಕಲಾವಿದೆ ತನ್ನ ಒಳಗನ್ನು ತಾನೇ ಸರಕು ಮಾಡಿ ಮಾರುವವಳು, ಎಷ್ಟು ತೋರಿಸಬೇಕು, ಎಷ್ಟು ಮುಚ್ಚಬೇಕು ಎಂಬ ಪ್ರಶ್ನೆ. ನಾವೆಲ್ಲರೂ ಫೋನಿನಲ್ಲಿ ದಿನಾ ಮಾಡುತ್ತಿರುವುದೂ ಅದನ್ನೇ. ಆಕೆಯ ಸಾಹಿತ್ಯದ ಮಂಜು ಇಲ್ಲಿ ಮೊದಲ ಬಾರಿಗೆ ಒಂದು ನಿಲುವಾಗಿ ಕೆಲಸ ಮಾಡುತ್ತದೆ. ಎಲ್ಲವೂ ಕಾಣಬೇಕೆನ್ನುವ ಕಾಲದಲ್ಲಿ ಕಾಣಿಸಿಕೊಳ್ಳದಿರುವುದೇ ಆಕೆಯ ಉತ್ತರ. ‘ಫೆಮಿಲಿಯರ್’ನಲ್ಲಿ ಆಕೆ ಹಾಕಿದ ಗಂಡುವೇಷವೂ ಅದೇ. ಗುಟ್ಟಿನ ಪ್ರೇಮದ ಆ ಹಾಡಿನಲ್ಲಿ ಪ್ರಿಯಕರನ ದನಿಯೂ ಹಾಡುವವಳ ಕಲ್ಪನೆಯೇ ಆಗಿರಬಹುದು. ಕೋರ್ಟಿನಲ್ಲಿ ನಿಲ್ಲುವ ಸಾಕ್ಷಿ ಒಂದೂ ಇಲ್ಲ.

ಧ್ವನಿಯಲ್ಲೂ ಗಾಜು ಇದೆ. ಅದಕ್ಕಾಗಿ ಆಕೆ ಹುಡುಕಿಕೊಂಡು ಹೋದ ವಾದ್ಯ ಟ್ರೌಟೋನಿಯಂ. ಇದೂ 1930ರ ಕೂಸು, ಬರ್ಲಿನ್ನಿನದೇ. ಫ್ರೀಡ್ರಿಶ್ ಟ್ರೌಟ್‌ವೈನ್ ಎಂಬ ಎಂಜಿನಿಯರ್ ಕಟ್ಟಿದ್ದು. ಇದರಲ್ಲಿ ಹಾರ್ಮೋನಿಯಂ ಥರದ ಮನೆಗಳಿಲ್ಲ. ಲೋಹದ ಪಟ್ಟಿಯ ಮೇಲೆ ಒಂದು ತಂತಿ ಎಳೆದು ಕಟ್ಟಿರುತ್ತಾರೆ. ಬೆರಳಿಂದ ಒತ್ತಿದ ಜಾಗಕ್ಕೆ ತಕ್ಕಂತೆ ವಿದ್ಯುತ್ತಿನಿಂದ ಸ್ವರ ಹುಟ್ಟುತ್ತದೆ. ಬೆರಳು ಜಾರಿದರೆ ಸ್ವರವೂ ಜಾರುತ್ತದೆ. ಹೇಳಿ ಕೇಳಿ ನಮ್ಮ ಗಮಕಕ್ಕೆ ಹೇಳಿಮಾಡಿಸಿದಂಥದ್ದು, ಆದರೆ ನಮ್ಮ ಕಡೆಗೆ ಬರಲಿಲ್ಲ. ಆಸ್ಕರ್ ಸಾಲಾ ಎಂಬಾತ ಜೀವಮಾನವಿಡೀ ಈ ವಾದ್ಯವನ್ನು ಸುಧಾರಿಸಿ ನುಡಿಸಿದ. ಹಿಚ್‌ಕಾಕ್‌ನ ‘ದಿ ಬರ್ಡ್ಸ್’ ಚಿತ್ರದಲ್ಲಿ ಎದೆ ಝಲ್ಲೆನಿಸುವ ಹಕ್ಕಿಗಳ ಕಿರುಚಾಟ ಅವನ ಟ್ರೌಟೋನಿಯಂನದ್ದು. ಅಂಥ ವಾದ್ಯವನ್ನು ಓಬೆಲ್ ಹಾಡಿನ ಅಂಚಿನಲ್ಲಿ ಇಟ್ಟಿದ್ದಾರೆ. ಪಿಟೀಲೋ ಹೆಣ್ಣಿನ ದನಿಯೋ ಎಂದು ಕಿವಿ ಲೆಕ್ಕ ಹಾಕುವಷ್ಟರಲ್ಲಿ ಅದು ಮುಗಿದಿರುತ್ತದೆ. ಜೊತೆಗೆ ಸ್ಪಿನೆಟ್, ಸೆಲೆಸ್ಟ. ಹಿಂದಿನ ಎರಡು ಆಲ್ಬಮ್ಮುಗಳ ಪಿಯಾನೋ ಚಾಪೆ ಸುತ್ತಿ ಪಕ್ಕಕ್ಕಿಟ್ಟ ಹಾಗಿದೆ.

ಮೊದಲ ಹಾಡು ‘ಸ್ಟ್ರೆಚ್ ಯುವರ್ ಐಸ್’ ಕೇಳಿ. ಆಕೆಯ ಸಂಗೀತದಲ್ಲಿ ಅಲ್ಲಿಯವರೆಗೆ ಇಲ್ಲದ ಒಂದು ನಡೆ ಇದೆ, ಮೆರವಣಿಗೆಯಂಥ ಭಾರದ ಹೆಜ್ಜೆ. ‘ಇಟ್ಸ್ ಹ್ಯಾಪನಿಂಗ್ ಅಗೇನ್’ ಹಾಡಿನಲ್ಲಿ ಮರುಕಳಿಸುವ ಭಯವನ್ನು ಲಾಲಿಯ ಧಾಟಿಗೆ ಕಟ್ಟಿದ್ದಾರೆ. ಒಬ್ಬಳೇ ಕೂತು ಮಾಡುವ ಕೆಲಸದ ಲಾಭ ಇಲ್ಲಿ ನಿಚ್ಚಳ. ನಿರ್ಮಾಪಕರಿರುತ್ತಿದ್ದರೆ ‘ಫೆಮಿಲಿಯರ್’ಗೆ ಹೆಸರುವಾಸಿ ಗಾಯಕನೊಬ್ಬನನ್ನು ಕರೆಸೋಣ ಎನ್ನುತ್ತಿದ್ದರು, ಅದೇ ಬುದ್ಧಿವಂತಿಕೆಯ ಸಲಹೆಯಾಗಿಯೂ ಕಾಣುತ್ತಿತ್ತು. ಎರಡನೆಯ ಕಣ್ಣು ಕೆಲವು ತಪ್ಪು ತಡೆಯುತ್ತದೆ, ಕೆಲವು ಹುಚ್ಚನ್ನೂ ತಡೆಯುತ್ತದೆ. ನನ್ನ ಕಚೇರಿಯ ನಿಯಮಕ್ಕೆ ಈ ಆಲ್ಬಮ್ಮಿನ ಮುಂದೆ ಹೆಚ್ಚು ಮಾತಿಲ್ಲ.

ಯುರೋಪಿನ ಸ್ವತಂತ್ರ ಸಂಗೀತ ಕಂಪನಿಗಳ ಒಕ್ಕೂಟ ಇಂಪಾಲಾ, 2016ರ ಅತ್ಯುತ್ತಮ ಆಲ್ಬಮ್ಮೆಂದು ಆರಿಸಿದ್ದು ಇದನ್ನೇ. ಮೊದಲ ಮೂರೂ ಬಂದದ್ದು ಆಗ ಸ್ವತಂತ್ರವಾಗಿದ್ದ ಪಿಯಾಸ್ ಎಂಬ ಸಂಸ್ಥೆಯಿಂದ. ನಾಲ್ಕನೆಯದಕ್ಕೆ ಆಕೆ ಡಾಯ್ಚ ಗ್ರಾಮೊಫೋನ್ ಸೇರಿದರು, ಅಮೆರಿಕದಲ್ಲಿ ಬ್ಲೂ ನೋಟ್. ಡಾಯ್ಚ ಗ್ರಾಮೊಫೋನ್ ಅಂದರೆ 1898ರಲ್ಲಿ ಶುರುವಾದ, ಕಾರಾಯನ್ ಬೀಥೋವನ್ ಹಳದಿ ಚೀಟಿಯ ಸಂಸ್ಥೆ. ಈಗ ಯೂನಿವರ್ಸಲ್ ಎಂಬ ದೈತ್ಯನ ಒಂದು ಕೈ. ಸ್ವತಂತ್ರ ಕಲಾವಿದೆ ದೊಡ್ಡ ಮನೆ ಸೇರಿದರು ಎಂದು ಗೊಣಗುವವರಿದ್ದಾರೆ. ನನಗೆ ಈ ಚರ್ಚೆಯಲ್ಲಿ ಆಸಕ್ತಿ ಕಡಿಮೆ. ಚೀಟಿಯ ಬಣ್ಣ ಬದಲಾಯಿತೇ ಹೊರತು ಕೋಣೆ ಬದಲಾಗಲಿಲ್ಲ. ‘ಮಿಯೋಪಿಯಾ’ವನ್ನೂ ಬರೆದು, ಮುದ್ರಿಸಿ, ಮಿಶ್ರಣ ಮಾಡಿದ್ದು ಓಬೆಲ್ ಒಬ್ಬರೇ. ಹಣ ಯಾರದ್ದು ಎಂಬುದಕ್ಕಿಂತ, ಈ ಹಾಡು ಮುಗಿಯಿತು ಎಂದು ಹೇಳುವ ಹಕ್ಕು ಯಾರದ್ದು ಎಂಬುದರಲ್ಲಿ ಸ್ವಾತಂತ್ರ್ಯ ಇದೆ. ಸಣ್ಣ ಕಂಪನಿಯ ನೆರಳಲ್ಲಿದ್ದೂ ಆ ಹಕ್ಕಿಲ್ಲದ ಗಾಯಕರು ಎಷ್ಟು ಜನ!

ಆ ಹಕ್ಕಿಗೆ ನಿಜವಾದ ಅಪಾಯ ಕೇಳುವವರ ಕಡೆಯಿಂದ, ನಮ್ಮ ಕಡೆಯಿಂದ. ಓಬೆಲ್ ಹಾಡುಗಳು ಈಗ ‘ಓದುವಾಗ ಕೇಳಲು’, ‘ಏಕಾಗ್ರತೆಗೆ’, ‘ಮಳೆಯ ಸಂಜೆಗೆ’ ಎಂಬಂಥ ಪಟ್ಟಿಗಳಲ್ಲಿ ಸಿಗುತ್ತವೆ. ನಮ್ಮ ಕಚೇರಿಯ ಗೋಡೆಯಿಲ್ಲದ ಹಜಾರದಲ್ಲಿ ಅರ್ಧ ಜನ ಕಿವಿಗೆ ಏನಾದರೂ ಸಿಕ್ಕಿಸಿಕೊಂಡಿರುತ್ತಾರೆ, ಸಂಗೀತಕ್ಕಲ್ಲ, ಪಕ್ಕದವನ ಕಾನ್ಫರೆನ್ಸ್ ಕಾಲ್ ಕೇಳಿಸದಿರಲಿ ಎಂದು. ಅಂಥ ಬಳಕೆಗೆ ಆಕೆಯ ಪಿಯಾನೋ ಮೇಲ್ನೋಟಕ್ಕೆ ಸರಿಹೊಂದುತ್ತದೆ. ಆದರೆ ಗಮನಿಸಿ, ‘ಸಿಟಿಜನ್ ಆಫ್ ಗ್ಲಾಸ್’ ಆ ಕೆಲಸಕ್ಕೆ ಬರುವುದಿಲ್ಲ. ಎಕ್ಸೆಲ್ ಹಾಳೆ ತೆರೆದು ಕೂತಾಗ ಕಿವಿಯ ಪಕ್ಕದಲ್ಲೇ ಇಳಿದ ದನಿಯೊಂದು ಉಸಿರೆಳೆದರೆ ಕೈ ನಿಲ್ಲುತ್ತದೆ. ‘ಡಾರ್ಕ್’ ಎಂಬ ಜರ್ಮನ್ ಸರಣಿಯವರು ಇದನ್ನು ಸರಿಯಾಗಿ ಅರ್ಥಮಾಡಿಕೊಂಡಿದ್ದರು. ತಾನೇ ತನ್ನ ಹಿಂದಿನ ತಲೆಮಾರನ್ನು ಭೇಟಿಯಾಗುವ ಆ ಕಥೆಯಲ್ಲಿ ಆಕೆಯ ಹಾಡುಗಳನ್ನು ಬಳಸಿದಾಗ ಅವು ಹಿನ್ನೆಲೆಯಾಗಿ ಉಳಿಯುವುದಿಲ್ಲ. ನಮ್ಮಲ್ಲಿ ಹಲವರು ಓಬೆಲ್ ಹೆಸರು ಕೇಳಿದ್ದೇ ಆ ಸರಣಿಯಿಂದ.

‘ಮಿಯೋಪಿಯಾ’ ಬಂದದ್ದು 2020ರ ಫೆಬ್ರವರಿ 21ರಂದು. ಒಂದು ತಿಂಗಳೊಳಗೆ ಯುರೋಪ್ ಬಾಗಿಲು ಹಾಕಿಕೊಂಡಿತು, ಕಛೇರಿಗಳು ಮುಂದಕ್ಕೆ ಹೋದವು. ಕೋಣೆಯೊಳಗೆ ಒಬ್ಬಳೇ ಕೂತು ಮಾಡಿದ ಆಲ್ಬಮ್ಮನ್ನು ಲೋಕವೆಲ್ಲ ಕೋಣೆಯೊಳಗೆ ಕೂತು ಕೇಳಿತು. ಹೆಸರಿನ ಅರ್ಥ ಸಮೀಪದೃಷ್ಟಿ. ಹತ್ತಿರದ್ದು ಸ್ಪಷ್ಟ, ದೂರದ್ದು ಮಸಕು. ಕೆಲಸ ಮಾಡುವಾಗ ತಾನು ಹೊರಗಿನದನ್ನೆಲ್ಲ ಮುಚ್ಚಿ ಒಂದು ಗುಳ್ಳೆಯೊಳಗೆ ಸೇರಿಕೊಳ್ಳುತ್ತೇನೆ, ಅಲ್ಲಿ ತನ್ನ ತೀರ್ಮಾನಗಳನ್ನು ನಂಬಬಹುದೇ ಎಂಬ ಅನುಮಾನವೇ ಇಲ್ಲಿನ ವಸ್ತು ಎಂಬ ಅರ್ಥದಲ್ಲಿ ಆಕೆ ಈ ಆಲ್ಬಮ್ ಬಗ್ಗೆ ಮಾತಾಡಿದ್ದಾರೆ. ಎರಡನೆಯ ಕಣ್ಣಿನ ಪ್ರಶ್ನೆಯನ್ನು ನನಗಿಂತ ಮೊದಲೇ ಆಕೆ ಎತ್ತಿದ್ದರು.

‘ಬ್ರೋಕನ್ ಸ್ಲೀಪ್’ ನಿದ್ರೆ ಬಾರದ ಇರುಳಿನ ಹಾಡು. ನಾಳೆ ಬೆಳಿಗ್ಗೆ ಏಳಕ್ಕೆ ಅಮೆರಿಕದವರ ಜೊತೆ ಕಾಲ್ ಇದ್ದವರಿಗೆ ಆ ಸ್ಥಿತಿಯನ್ನು ವಿವರಿಸಬೇಕಾಗಿಲ್ಲ. ಮೀಟಿದ ತಂತಿಗಳು ಒಂದೇ ಯೋಚನೆಯ ಸುತ್ತ ತಿರುಗುತ್ತವೆ. ‘ಐಲೆಂಡ್ ಆಫ್ ಡೂಮ್’ ಹತ್ತಿರದವರ ಸಾವಿನ ಹಾಡು, ಈ ಆಲ್ಬಮ್ಮಿನ ಎದೆ ಅದೇ. ಇಲ್ಲಿ ಪಿಯಾನೋದ ಶ್ರುತಿಯನ್ನೂ ಇಳಿಸಿದ್ದಾರೆ. ವಾದ್ಯ ನೀರಿನಡಿಯಿಂದ ನುಡಿಯುತ್ತಿರುವಂತೆ ಕೇಳುತ್ತದೆ. ಅದರ ಮೇಲೆ ದನಿಗಳ ಗುಂಪು, ಮಾಮೂಲಿನಂತೆ ಎಲ್ಲವೂ ಆಕೆಯವೇ. ಸತ್ತವರನ್ನು ಕರೆಯುವ ಹಾಡಿಗೆ ಓಗೊಡುವವರೂ ಕರೆದವರೇ ಆದಾಗ, ಅಷ್ಟು ವರ್ಷದ ಉಪಾಯಕ್ಕೆ ಇದ್ದಕ್ಕಿದ್ದಂತೆ ಒಂದು ಅರ್ಥ ಹೊಳೆಯುತ್ತದೆ. ಈ ನಾಲ್ಕೂ ಆಲ್ಬಮ್ಮಿನಲ್ಲಿ ನನ್ನನ್ನು ತೀರ ಅಲುಗಿಸಿದ ಹಾಡು ಇದು.

ಉಳಿದರ್ಧದ ಬಗ್ಗೆ ಅಷ್ಟು ಉತ್ಸಾಹದಿಂದ ಮಾತಾಡಲಾರ. ‘ರೋಸ್ಕಿಯನ್’, ‘ಡ್ರಾಸೆರಾ’, ‘ಪಾರ್ಲಿಮೆಂಟ್ ಆಫ್ ಔಲ್ಸ್’ ಎಂಬ ಮೂರು ಮಾತಿಲ್ಲದ ತುಣುಕುಗಳಿವೆ. ಹತ್ತು ತುಣುಕಿನ ಆಲ್ಬಮ್ಮಿಗೆ ಮೂರು ಹೆಚ್ಚಾಯಿತು. ಒಂದೊಂದೂ ಸುಂದರ, ಆದರೆ ಒಟ್ಟು ಗತಿಗೆ ಮತ್ತೆಮತ್ತೆ ಕುರ್ಚಿ ಹಾಕಿ ಕೂರಿಸುತ್ತವೆ. ದನಿ, ತಂತಿ, ಸೆಲೆಸ್ಟ ಎಲ್ಲವನ್ನೂ ಇಳಿಸಿ, ಬಾಗಿಸಿ, ಒಂದರೊಳಗೊಂದು ಕರಗಿಸಿದ್ದರಿಂದ ‘ಸಿಟಿಜನ್ ಆಫ್ ಗ್ಲಾಸ್’ನ ಅಂಚುಗಳು ಮಾಯವಾಗಿವೆ. ಕಿಟಕಿಯಿಲ್ಲದ ಕೋಣೆಯಲ್ಲಿ ಗಾಳಿ ಕಡಿಮೆ. ಕಚೇರಿಯಲ್ಲಾಗಿದ್ದರೆ ಯಾರಾದರೂ ಕೈಯೆತ್ತಿ, ‘ಮೇಡಂ, ಇದರಲ್ಲಿ ಒಂದನ್ನು ತೆಗೆಯಬಹುದೇ?’ ಎನ್ನುತ್ತಿದ್ದರು. ಆ ಕೋಣೆಯಲ್ಲಿ ಕೈಯೆತ್ತುವವರಿಲ್ಲ. ಇದು ಆಕೆಗೇ ಗೊತ್ತು, ಆಲ್ಬಮ್ಮಿಗೆ ಇಟ್ಟ ಹೆಸರಲ್ಲಿ ಹೇಳಿಯೂ ಇದ್ದಾರೆ. ಆದರೆ ಕಣ್ಣಿನ ದೋಷದ ಹೆಸರು ಗೊತ್ತಾದ ಮಾತ್ರಕ್ಕೆ ಕನ್ನಡಕ ಬಂದಂತಾಗುವುದಿಲ್ಲ.

ಹಾಗೆಂದು ಆಕೆಗೆ ಬೇರೆಯವರ ಸಂಗೀತಕ್ಕೆ ಕಿವಿಯಿಲ್ಲ ಎಂದಲ್ಲ. ಈ ಎರಡು ಆಲ್ಬಮ್ಮುಗಳ ನಡುವೆ, 2018ರಲ್ಲಿ, ‘ಲೇಟ್ ನೈಟ್ ಟೇಲ್ಸ್’ ಎಂಬ ಮಾಲಿಕೆಗಾಗಿ ಆಕೆ ಒಂದು ಸಂಕಲನ ಮಾಡಿದರು. ಕಲಾವಿದರು ತಮಗಿಷ್ಟವಾದ ಬೇರೆಯವರ ಹಾಡುಗಳನ್ನು ಪೋಣಿಸಿ ಕೊಡುವ ಮಾಲಿಕೆ ಅದು. ನೀನಾ ಸಿಮೋನ್, ಹೆನ್ರಿ ಮ್ಯಾನ್ಸಿನಿ, ಲೀ ಹೇಝಲ್‌ವುಡ್, ರಷ್ಯದ ಸಂಯೋಜಕ ಶ್ನಿಟ್ಕೆ, ಎಲ್ಲರೂ ಒಂದೇ ಪಡಸಾಲೆಯಲ್ಲಿ ಕೂತಿದ್ದಾರೆ. ತಮಾಷೆಯೂ ಇದೆ, ಅದು ಆಕೆಯ ಆಲ್ಬಮ್ಮುಗಳಲ್ಲಿ ಸಿಗುವುದೇ ಇಲ್ಲ. ಅದರೊಳಗೆ ಆಕೆಯ ಸ್ವಂತ ತುಣುಕುಗಳಲ್ಲಿ ಒಂದು, ಡೆನ್ಮಾರ್ಕಿನ ಕವಿ ಇಂಗರ್ ಕ್ರಿಸ್ಟೆನ್‌ಸೆನ್ ಸಾವಿನ ಬಗ್ಗೆ ಬರೆದ ಕವಿತೆಯನ್ನು ಆಧರಿಸಿದ್ದು. ಅಷ್ಟು ವರ್ಷ ಬದಿಗಿಟ್ಟ ತಾಯ್ನುಡಿಯ ಕಡೆಗೆ, ಇನ್ನೊಬ್ಬರ ಪದ ಹಿಡಿದು, ಒಂದು ಪುಟ್ಟ ತುಣುಕಿನಷ್ಟು ದೂರ ಹೋಗಿ ಬಂದಿದ್ದಾರೆ. ಕ್ರಿಸ್ಟೆನ್‌ಸೆನ್ ಏಪ್ರಿಕಾಟ್ ಮರದಿಂದ ಅಣುಬಾಂಬಿನ ತನಕ ಲೋಕದ ವಸ್ತುಗಳನ್ನು ಒಂದೊಂದಾಗಿ ಹೆಸರಿಟ್ಟು ಕರೆದ ಕವಿ. ಮಂಜಿನಲ್ಲಿ ಹಾಡುವ ಗಾಯಕಿಗೆ ಅಂಥ ಪದಗಳ ಸಹವಾಸ ಬೇಕಿತ್ತು. ಮುಂದಿನ ಆಲ್ಬಮ್ಮಿನ ಬಾಗಿಲು ಆ ಕಡೆಯಿಂದ ತೆರೆದರೆ ಕೇಳಲು ಮೊದಲು ಕೂರುವವರಲ್ಲಿ ನಾನೂ ಒಬ್ಬ. ಅಲ್ಲಿಯ ತನಕ ‘ಐಲೆಂಡ್ ಆಫ್ ಡೂಮ್’ ಇದೆ. ಕಚೇರಿಯಲ್ಲಿ ಬೇಡ, ಮನೆಯಲ್ಲಿ, ದೀಪ ಆರಿಸಿ ಕೇಳಿ.